ಆಯಿಯ ಒಂದು ಹಿಡಿ

ನಾಳೆ ಬಿಟ್ಟು ನಾಡಿದ್ದು ಶಾಲೆ ಶುರು. ಮಕ್ಕಳಿಬ್ಬರೂ ಪಡಸಾಲೆಯಲ್ಲಿ ಕೂತು ಪುಸ್ತಕಗಳಿಗೆ ರಟ್ಟು ಹಾಕುತ್ತಿದ್ದಾರೆ. ಸಣ್ಣವನ ಅಂಟು ಹಾಳೆಗೆ ಹತ್ತಿದ್ದು ಕಡಿಮೆ, ಕೈಗೆ ಹತ್ತಿದ್ದೇ ಹೆಚ್ಚು. ಒಳಗೆ ಅಡುಗೆಮನೆಯ ಗೂಡಿನಲ್ಲಿ ಏಳು ಸ್ಟೀಲ್ ಡಬ್ಬಿಗಳು, ಒಂದು ಗಾಜಿನ ಭರಣಿ ಸಾಲಾಗಿ ನಿಂತಿವೆ. ಡಬ್ಬಿಗಳಲ್ಲಿ ಸಂಡಿಗೆ, ಕುರಡಗಿ, ಶೇಂಗಾ ಉಂಡಿ. ಭರಣಿಯಲ್ಲಿ ಮಾವಿನಕಾಯಿ ಗುಳಂಬ. ನಿಜ ಹೇಳಬೇಕೆಂದರೆ, ಈ ವರ್ಷ ಆ ಡಬ್ಬಿಗಳೆಲ್ಲ ಖಾಲಿ ಇರಬೇಕಿತ್ತು. ಅವು ಹೇಗೆ ತುಂಬಿದವು ಅನ್ನುವ ಕತೆಯನ್ನು ಈ ವಾರ ನಿಮಗೆ ಹೇಳಬೇಕು. ಅದರೊಳಗೆ ನನ್ನದೊಂದು ತಪ್ಪೂ ಇದೆ. ಅದನ್ನೂ ಮುಚ್ಚಿಡದೆ ಹೇಳುತ್ತೇನೆ.

ಹೊಸದಾಗಿ ಈ ಪುಟ ತೆರೆದವರಿಗೆ ನಮ್ಮ ಮನೆಯ ಪರಿಚಯ. ಕಲಬುರಗಿಯ ಬ್ರಹ್ಮಪುರದ ಹಳೆಯ ಓಣಿಯೊಂದರಲ್ಲಿ ನಾವು ಆರು ಜನ ಇದ್ದೇವೆ. ನನ್ನ ಅತ್ತೆ, ಮಾವ. ಅಂದರೆ ಮಕ್ಕಳ ಆಯಿ ಮತ್ತು ಮುತ್ಯಾ. ನಮ್ಮ ಮನೆಯವರು. ಈಗ ಏಳನೆಯ ತರಗತಿಗೆ ಹೋಗುವ ಮಗಳು, ಮನೆಯಲ್ಲಿ ಅವಳಿಗೆ ದೊಡ್ಡಾಕಿ ಅನ್ನುತ್ತೇವೆ. ಮೂರನೆಯ ತರಗತಿಗೆ ಹೋಗುವ ಮಗ, ಅವನು ಸಣ್ಣಾಂವ. ಆರನೆಯವಳು ನಾನು, ಸರಕಾರಿ ಕಚೇರಿಯೊಂದರಲ್ಲಿ ಗುಮಾಸ್ತೆ.

ಏಪ್ರಿಲ್ ಬಂತೆಂದರೆ ನಮ್ಮ ಕಡೆ ಗಡಿಯಾರವೇ ಬದಲಾಗುತ್ತದೆ. ಬೇರೆ ಊರಿನ ಮಕ್ಕಳಿಗೆ ಇದು ಗೊತ್ತಿರಲಿಕ್ಕಿಲ್ಲ. ಬಿಸಿಲು 40 ಡಿಗ್ರಿ ದಾಟುವ ನಮ್ಮ ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ ಏಪ್ರಿಲ್ ಮತ್ತು ಮೇ ತಿಂಗಳು ಸರಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೇ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ವಿಜಯಪುರ, ಬಾಗಲಕೋಟೆಗಳಲ್ಲೂ ಹೀಗೆಯೇ. ಕೇಳಿದವರು, "ಮಧ್ಯಾಹ್ನಕ್ಕೇ ಮನಿಗಿ ಬರ್ತಿ, ನಿಂದೇ ಆರಾಮ ನೋಡು" ಅನ್ನುತ್ತಾರೆ. ಬೆಳಿಗ್ಗೆ 8ಕ್ಕೆ ಕಚೇರಿಯಲ್ಲಿ ಇರಬೇಕಾದರೆ ಐದಕ್ಕೂ ಮೊದಲು ಎದ್ದು ರೊಟ್ಟಿ ಬಡಿಯಬೇಕು, ಪಲ್ಯ ಮಾಡಬೇಕು, ನೀರು ಬಂದ ದಿನ ನೀರು ತುಂಬಬೇಕು. ಮಧ್ಯಾಹ್ನ ಎರಡಕ್ಕೆ ಕೆಂಡದಂಥ ಬಿಸಿಲಲ್ಲಿ ಮನೆಗೆ ಬಂದಾಗ ಅರ್ಧ ದಿನದ ಕೆಲಸ ಇನ್ನೂ ಬಾಕಿ ಇರುತ್ತದೆ. ಮಕ್ಕಳಿಗೆ ರಜೆ ಇದ್ದರೆ ಮನೆಯಲ್ಲಿ ಹಸಿವು ಎರಡು ಪಟ್ಟು. ಡಬ್ಬಿಯ ಮುಚ್ಚಳ ತೆಗೆಯುವ ಸದ್ದು ದಿನವಿಡೀ ಕೇಳುತ್ತಲೇ ಇರುತ್ತದೆ.

ಇಷ್ಟು ವರ್ಷ ಆ ಡಬ್ಬಿಗಳ ಜವಾಬ್ದಾರಿ ಆಯಿಯದು. ರಜೆ ಬಿದ್ದ ಮರುದಿನವೇ ಮಾಳಿಗೆ ತೊಳೆಸಿ, ಹಳೆಯ ಪತ್ತಲ ಹಾಸಿ, ಕುರಡಗಿ, ಸಂಡಿಗೆ, ಶಾವಿಗೆ ಒಂದಾದ ಮೇಲೊಂದು ಒಣಗಿಸುತ್ತಿದ್ದರು. ನಾನು ಕಚೇರಿಯಿಂದ ಬಂದು ಕೈಜೋಡಿಸುತ್ತಿದ್ದೆ, ಒಳಗೊಳಗೇ ಗೊಣಗುತ್ತಲೂ ಇದ್ದೆ. ಈ ಸಲ ಆಯಿಯೇ, "ಈ ವರ್ಷ ಏನೂ ಬ್ಯಾಡವ್ವ" ಅಂದರು. ಚಳಿಗಾಲದಲ್ಲಿ ಅವರಿಗೆ ಜ್ವರ ಬಂದು ಒಂದು ತಿಂಗಳು ಮಲಗಿದ್ದರು. ಎದ್ದ ಮೇಲೆ ಬಲಗೈ ನಡುಗತೊಡಗಿತ್ತು. ಚಾ ಕುಡಿಯುವಾಗ ಕಪ್ಪು ಬಸಿಯೊಳಗೆ ಟಕಟಕ ಅನ್ನುತ್ತಿತ್ತು.

ಓದುವವರು ಬೇಸರ ಮಾಡಿಕೊಳ್ಳಬಾರದು. ಅವರು ಬೇಡ ಅಂದಾಗ ನನಗೆ ಸಮಾಧಾನವಾಯಿತು. "ಬ್ಯಾಡ ಬಿಡ್ರಿ ಅತ್ತಿ, ಈಗ ಎಲ್ಲಾ ಅಂಗಡ್ಯಾಗ ಸಿಗ್ತದ" ಅಂದೆ. ಸಂಜೆಯೇ ಸೂಪರ್ ಮಾರ್ಕೆಟ್ ಕಡೆ ಹೋಗಿ ನಾಲ್ಕು ನಮೂನೆಯ ಸಂಡಿಗೆ ಪೊಟ್ಟಣ, ಚಿಪ್ಸು, ಬಿಸ್ಕೀಟು ತಂದು ಗೂಡಿಗೆ ತುಂಬಿದೆ. ಅರ್ಧ ಗಂಟೆಯಲ್ಲಿ ಮುಗಿದ ಕೆಲಸಕ್ಕೆ ಇಷ್ಟು ವರ್ಷ ಇಪ್ಪತ್ತು ದಿನ ಕಳೆದೆವಲ್ಲ ಅಂತ ಅನ್ನಿಸಿತು.

ರಜೆಯ ಮೊದಲ ವಾರ ಹೀಗಿತ್ತು: ಸಣ್ಣಾಂವ ಮೊಬೈಲ್ ಹಿಡಿದು ಮಂಚದ ಮೇಲೆ, ದೊಡ್ಡಾಕಿ ಟಿ.ವಿ. ಮುಂದೆ, ಮುತ್ಯಾ ಓದಿದ ಪೇಪರನ್ನೇ ಮತ್ತೆ ಓದುತ್ತ. ಆಯಿ ಗೋಡೆಗೆ ಮುಖ ಮಾಡಿ ಮಲಗಿದವರು ಊಟಕ್ಕೆ ಎಬ್ಬಿಸಿದರೆ ಮಾತ್ರ ಏಳುತ್ತಿದ್ದರು. ಒಂದು ದಿನ ಊಟಕ್ಕೆ ಅಂಗಡಿಯ ಸಂಡಿಗೆ ಕರಿದು ಬಡಿಸಿದೆ. ಸಣ್ಣಾಂವ ಒಂದು ತುಂಡು ಕಚ್ಚಿ, "ಇದು ಆಯಿ ಸಂಡಿಗಿ ಅಲ್ಲ" ಅಂದ. ಆಯಿ, "ಚಲೋ ಅದ ತಿನ್ನಪ್ಪ" ಅಂದರು. ಆದರೆ ತಮ್ಮ ತಾಟಿನಲ್ಲಿದ್ದದ್ದನ್ನು ಅರ್ಧ ತಿಂದು ಬದಿಗೆ ಸರಿಸಿದರು.

ಆ ರಾತ್ರಿ ನೀರು ಕುಡಿಯಲು ಎದ್ದೆ. ಅಡುಗೆಮನೆಯಲ್ಲಿ ಸಣ್ಣ ದೀಪ ಉರಿಯುತ್ತಿತ್ತು. ಆಯಿ ನೆಲದ ಮೇಲೆ ಕೂತು, ಹಳೆಯ ಹಿತ್ತಾಳೆ ಒರಳನ್ನು, ಅದೇ ಕುರಡಗಿ, ಶಾವಿಗೆ ಒತ್ತುವುದನ್ನು, ಬಟ್ಟೆಯಿಂದ ಒರೆಸುತ್ತಿದ್ದರು. ನಡುಗುವ ಬಲಗೈಯ ಮಣಿಕಟ್ಟನ್ನು ಎಡಗೈಯಿಂದ ಹಿಡಿದುಕೊಂಡು ಒತ್ತಿ ನೋಡಿದರು. ಒಳಗೆ ಏನೂ ಇರಲಿಲ್ಲ, ಖಾಲಿ ಒರಳು. ನಾಲ್ಕು ಸಲ ಒತ್ತಿ ಸುಮ್ಮನಾದರು. ನಾನು ನೀರು ಕುಡಿಯದೆ ಹಾಗೇ ಹಿಂದಕ್ಕೆ ಬಂದು ಮಲಗಿದೆ. ನಿದ್ದೆ ಬರಲಿಲ್ಲ.

ಆ ಭಾನುವಾರ ಮಕ್ಕಳನ್ನು ಕರೆದುಕೊಂಡು ತವರಿಗೆ ಹೋದೆ. ನನ್ನ ತವರು ಕಮಲಾಪುರ, ಕಲಬುರಗಿಯಿಂದ ಹುಮನಾಬಾದ್ ಕಡೆ ಹೋಗುವ ದಾರಿಯಲ್ಲಿದೆ. ಕೆಂಪು ಬಾಳೆಹಣ್ಣು ನೋಡಿದ್ದೀರಾ ಮಕ್ಕಳೇ? ಸಿಪ್ಪೆ ಕೆಂಪು, ಒಳಗಿನ ತಿರುಳು ಕೆನೆ ಬಣ್ಣ, ಒಂದು ತಿಂದರೆ ಹೊಟ್ಟೆ ತುಂಬುತ್ತದೆ. ಕಮಲಾಪುರದ ಆ ಹಣ್ಣಿಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಅಂದರೆ ಆ ಹೆಸರು ಆ ನೆಲದ ಬೆಳೆಗಷ್ಟೇ ಸಲ್ಲುತ್ತದೆ. ಕಲಬುರಗಿಯ ತೊಗರಿ ಬೇಳೆಗೂ 2019ರಲ್ಲಿ ಅದೇ ಗೌರವ ಬಂತು. ನಮ್ಮವ್ವ ಕೆಂಪು ಬಾಳೆಹಣ್ಣು ಹಿಚುಕಿ, ಹಾಲು, ಬೆಲ್ಲ, ಏಲಕ್ಕಿ ಹಾಕಿ ಶಿಕರಣಿ ಮಾಡಿದ್ದಳು. ಮಕ್ಕಳು ಚಪಾತಿ ಬಿಟ್ಟು ಶಿಕರಣಿಯನ್ನೇ ಕುಡಿದವು.

ಹಿತ್ತಲಲ್ಲಿ ಕೂತು ಅವ್ವನಿಗೆ ಒರಳಿನ ಸಂಗತಿ ಹೇಳಿದೆ. ಅವ್ವ ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ, "ನಿಮ್ಮ ಅತ್ತಿ ಕೆಲಸ ಬ್ಯಾಡ ಅಂದಿದ್ದು ನಿನಗ ತ್ರಾಸ ಆಗಬಾರದಂತ. ನೀ ಹೌದು ಬ್ಯಾಡ ಅಂದಿ. ಅಕಿಗಿ ಕೇಳಿಸಿದ್ದೇನು ಗೊತ್ತದೇನು? ಇನ್ನ ನೀ ಬ್ಯಾಡ ಅಂತ" ಅಂದಳು.

"ಮತ್ತ ಕೈ ನಡುಗ್ತದಲ್ಲವ್ವ?"

"ಕೈ ನಡುಗ್ತದ, ಬಾಯಿ ನಡುಗಲ್ಲಲ್ಲ. ಅಕಿ ಹೇಳಲಿ, ನೀವು ಐದು ಮಂದಿ ಮಾಡ್ರಿ. ಹತ್ತು ಕೈ ಅವ ಮನ್ಯಾಗ."

ಬರುವಾಗ ಹಿತ್ತಲ ಗಿಡದ ಮಾವಿನಕಾಯಿ ಒಂದು ಚೀಲ ಕಟ್ಟಿಕೊಟ್ಟಳು. ಮನೆಗೆ ಬಂದು ಆ ಚೀಲವನ್ನು ಆಯಿಯ ಮುಂದಿಟ್ಟು, "ಅತ್ತಿ, ಗುಳಂಬಕ್ಕ ಸಕ್ರಿ ಎಷ್ಟು ಹಾಕಬೇಕ್ರಿ? ನನಗ ಮರ್ತದ" ಅಂದೆ. ನಿಜವಾಗಿ ನನಗೆ ಅದು ಎಂದೂ ಗೊತ್ತಿರಲಿಲ್ಲ, ಯಾಕಂದರೆ ಕೇಳಿಯೇ ಇರಲಿಲ್ಲ. ಆಯಿ ಒಂದು ಕಾಯಿ ಎತ್ತಿ ಮೂಸಿ ನೋಡಿದರು. "ಹುಳಿ ಅದ. ಒಂದಕ್ಕ ಒಂದೂಕಾಲು ಹಾಕು" ಅಂದರು. ಎದ್ದು ಕೂತರು.

ಮರುದಿನ ಹಳೆಯ ಕ್ಯಾಲೆಂಡರಿನ ಹಿಂಬದಿಗೆ ದೊಡ್ಡಾಕಿ ಒಂದು ಪಟ್ಟಿ ಬರೆದು ಗೋಡೆಗೆ ಅಂಟಿಸಿದಳು. ಮುಖ್ಯೋಪಾಧ್ಯಾಯಿನಿ: ಆಯಿ. ಬರೆಯುವುದು, ತೂಗುವುದು: ದೊಡ್ಡಾಕಿ. ಹಕ್ಕಿ ಮತ್ತು ಮೋಡ ನೋಡುವುದು: ಸಣ್ಣಾಂವ. ಹಾಸುವುದು, ಮಡಚುವುದು: ಮುತ್ಯಾ. ತಿರುವುವುದು: ಪಪ್ಪಾ. ಒಲೆ, ಎಣ್ಣೆ: ಮಮ್ಮಿ. ಕೆಳಗೆ ಒಂದು ನಿಯಮ: ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಮಕ್ಕಳು ಮಾಳಿಗೆ ಹತ್ತಬಾರದು. ನಮ್ಮೂರ ಬಿಸಿಲಿಗೆ ಈ ನಿಯಮ ಬೇಕೇ ಬೇಕು.

ಮೊದಲು ಗುಳಂಬ. ಇದಕ್ಕೆ ಒಲೆಯೇ ಬೇಡ. ದಿನವಿಡೀ ಪುಕ್ಕಟೆ ಉರಿಯುವ ಒಲೆ ನಮ್ಮ ತಲೆಯ ಮೇಲೆಯೇ ಇರುತ್ತದಲ್ಲ! ಹುಳಿ ಮಾವಿನಕಾಯಿ ತೊಳೆದು, ಒರೆಸಿ, ಸಿಪ್ಪೆ ತೆಗೆದು ಹೆರೆದುಕೊಳ್ಳಬೇಕು. 1 ಕಿಲೋ ತುರಿಗೆ ಒಂದು ಚಮಚ ಉಪ್ಪು ಕಲಸಿ ಒಂದು ತಾಸು ಬಿಡಬೇಕು. ನೀರು ಬಿಡುತ್ತದೆ, ಅದನ್ನು ಚೆಲ್ಲಬಾರದು. 1.25 ಕಿಲೋ ಸಕ್ಕರೆ ಸೇರಿಸಿ, ಗಾಜಿನ ಭರಣಿಗೆ ತುಂಬಿ, ಬಾಯಿಗೆ ತೆಳ್ಳನೆಯ ಬಟ್ಟೆ ಕಟ್ಟಿ ಬಿಸಿಲಿಗೆ ಇಡಬೇಕು. ದಿನಕ್ಕೊಮ್ಮೆ ಒಣಗಿದ ಚಮಚದಿಂದ ತಿರುವಬೇಕು, ಸಂಜೆ ಒಳಗೆ ತರಬೇಕು. ಎಂಟು ಹತ್ತು ದಿನದಲ್ಲಿ ಸಕ್ಕರೆ ಪೂರ್ತಿ ಕರಗಿ, ಪಾಕ ಜೇನುತುಪ್ಪದ ಹಾಗೆ ಆಗುತ್ತದೆ. ಕೊನೆಗೆ ಏಲಕ್ಕಿ ಪುಡಿ. ಬೆಲ್ಲ ಹಾಕುವುದಾದರೆ ಒಲೆಯ ಮೇಲೆ ಕುದಿಸಿ ಮಾಡುವುದು ಒಳ್ಳೆಯದು ಅಂತ ಆಯಿ ಹೇಳಿದರು. ರೊಟ್ಟಿಗೂ ಚಪಾತಿಗೂ ಹಚ್ಚಿಕೊಂಡು ತಿನ್ನಬಹುದು.

"ಇಷ್ಟು ದಿನ ಹೊರಗಿದ್ರೂ ಕೆಡಲ್ಲ ಯಾಕ?" ಅಂತ ಸಣ್ಣಾಂವ ಕೇಳಿದ. ದೊಡ್ಡಾಕಿ ವಿಜ್ಞಾನದ ಮೇಷ್ಟ್ರ ಹಾಗೆ ಹೇಳಿದಳು: ಆಹಾರ ಕೆಡಿಸುವ ಸೂಕ್ಷ್ಮಜೀವಿಗಳಿಗೂ ಬದುಕಲು ನೀರು ಬೇಕು. ಸಂಡಿಗೆಯ ನೀರನ್ನು ಬಿಸಿಲು ಹೀರಿಬಿಡುತ್ತದೆ. ಗುಳಂಬದಲ್ಲಿ ನೀರಿದ್ದರೂ ಅಷ್ಟು ಸಕ್ಕರೆ ಅದನ್ನು ಹಿಡಿದಿಟ್ಟುಕೊಳ್ಳುವುದರಿಂದ ಅವಕ್ಕೆ ಸಿಗುವುದಿಲ್ಲ. ಅದಕ್ಕೇ ಒದ್ದೆ ಚಮಚ ಹಾಕಬಾರದು. ಆಯಿ ತಲೆಯಾಡಿಸಿ, "ನಮಗ ಕಾರಣ ಗೊತ್ತಿರಲಿಲ್ಲ, ಒದ್ದಿ ಚಮಚ ಹಾಕಿದ್ರ ಬೆನ್ನಿಗಿ ಬೀಳ್ತದ ಅನ್ನೋದಷ್ಟೇ ಗೊತ್ತಿತ್ತು" ಅಂದರು. ಎಲ್ಲರೂ ನಕ್ಕೆವು. ಆ ಬೇಸಿಗೆಯಲ್ಲಿ ಆಯಿ ನಕ್ಕಿದ್ದು ಅದೇ ಮೊದಲು.

ಜಗಳ ಶುರುವಾದದ್ದು ಸಾಬೂದಾನಿ ಸಂಡಿಗೆಯ ದಿನ. "ಎಷ್ಟು ನೆನೆ ಹಾಕಬೇಕು ಆಯಿ?" ಅಂತ ದೊಡ್ಡಾಕಿ ಪೆನ್ನು ಹಿಡಿದು ಕೇಳಿದಳು.

"ಎಂಟು ಹಿಡಿ."

"ಹಿಡಿ ಅಂದ್ರ ಎಷ್ಟು ಗ್ರಾಂ?"

"ಹಿಡಿ ಅಂದ್ರ ಹಿಡಿ. ಗ್ರಾಂ ಯಾಕ ಬೇಕು?"

"ನನ್ನ ಹಿಡಿನೋ, ನಿಂದೋ?"

ಆಯಿ ಸುಮ್ಮನಾದರು. ಇಷ್ಟು ವರ್ಷ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ದೊಡ್ಡಾಕಿ ಪಕ್ಕದ ಮನೆಗೆ ಓಡಿ, ಅಲ್ಲಿ ಕೇಕು ಮಾಡುವ ಅಕ್ಕನ ಬಳಿ ಇದ್ದ ಸಣ್ಣ ತಕ್ಕಡಿ ಯಂತ್ರ ತಂದಳು. ಅದರ ಮೇಲೊಂದು ಬಟ್ಟಲು ಇಟ್ಟು, "ಒಂದು ಹಿಡಿ ಹಾಕು ಆಯಿ" ಅಂದಳು. ಆಯಿ ಕೈ ಹಿಂದಕ್ಕೆ ಎಳೆದುಕೊಂಡರು. "ನೀ ಹಾಕವ್ವ. ನನ್ನ ಕೈಯಾಗಿಂದ ಚೆಲ್ತದ." ಸಣ್ಣಾಂವ ಕೂಡಲೇ ಒಂದು ದೊಡ್ಡ ತಾಟು ತಂದು ಕೆಳಗೆ ಹಿಡಿದ. "ಚೆಲ್ಲಲಿ ಆಯಿ, ನಾ ಹಿಡಿತೀನಿ" ಅಂದ.

ಆಯಿ ಒಂದು ಹಿಡಿ ತುಂಬಿದರು. ಕೈ ನಡುಗಿ ಒಂದಷ್ಟು ಕಾಳು ತಾಟಿಗೆ ಉದುರಿದವು, ಉಳಿದದ್ದು ಬಟ್ಟಲಿಗೆ ಬಿತ್ತು. ಈಗ ಹೊಸ ತಕರಾರು: ಬಿದ್ದದ್ದು ಲೆಕ್ಕಕ್ಕೆ ಬರುತ್ತದೋ ಇಲ್ಲವೋ? ಮುತ್ಯಾ ಪೇಪರು ಮಡಚಿಟ್ಟು ತೀರ್ಪು ಕೊಟ್ಟರು: "ಕೈ ನಡುಗೋದಕ್ಕಿಂತ ಮೊದಲು ಅಷ್ಟೂ ಬಟ್ಟಲಿಗೇ ಬೀಳ್ತಿತ್ತು. ಬಿದ್ದಿದ್ದೂ ಸೇರಿಸು." ತಾಟಿನ ಕಾಳುಗಳನ್ನೂ ಬಟ್ಟಲಿಗೆ ಸುರಿದು ತೂಗಿದರು. 48 ಗ್ರಾಂ. ಎರಡನೆಯ ಸಲ 55. ಮೂರನೆಯ ಸಲ 50. ದೊಡ್ಡಾಕಿ ಕೂಡಿಸಿ, ಮೂರರಿಂದ ಭಾಗಿಸಿ, ಪುಸ್ತಕದ ಮೊದಲ ಹಾಳೆಯ ಮೇಲೆ ದೊಡ್ಡದಾಗಿ ಬರೆದಳು: ಆಯಿಯ ಒಂದು ಹಿಡಿ = 51 ಗ್ರಾಂ.

ಎಂಟು ಹಿಡಿ ಅಂದರೆ 408 ಗ್ರಾಂ, ನಿಮ್ಮ ಲೆಕ್ಕಕ್ಕೆ 400 ಅಂತ ಹಿಡಿದರೆ ಸಾಕು. ರಾತ್ರಿ ನೆನೆ ಹಾಕಿ, ಬೆಳಿಗ್ಗೆ ಒಂದು ಅಳತೆ ಸಾಬೂದಾನಿಗೆ ಐದು ಅಳತೆ ನೀರು ಕುದಿಸಿ, ಅದರೊಳಗೆ ಹಾಕಿ ಕಾಳು ಪಾರದರ್ಶಕವಾಗುವ ತನಕ ಬೇಯಿಸಬೇಕು. ಉಪ್ಪು, ಜೀರಿಗೆ, ಅರೆದ ಹಸಿಮೆಣಸಿನಕಾಯಿ. ಆರಿದ ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆಯ ಮೇಲೆ ಚಮಚದಿಂದ ಬಿಲ್ಲೆಗಳ ಹಾಗೆ ಹಾಕಬೇಕು. ಈ ಕೆಲಸ ಮಕ್ಕಳದೇ. ನಮ್ಮ ಮನೆಯಲ್ಲಿ ದುಂಡಗಿನ ಸಂಡಿಗೆಗಳ ನಡುವೆ ಒಂದು ಆನೆ, ಎರಡು ಮೀನು, ಸಣ್ಣಾಂವನ ಹೆಸರಿನ ಮೊದಲ ಅಕ್ಷರವೂ ಇದ್ದವು.

ಬೆಳಗಿನ ಹೊತ್ತು ಮೆಟ್ಟಿಲ ಕಟ್ಟೆಯ ನೆರಳಲ್ಲಿ ಮುತ್ಯಾ ಮತ್ತು ಸಣ್ಣಾಂವ ಕಾವಲು ಕೂರುತ್ತಿದ್ದರು. ಗುಬ್ಬಿ, ಕಾಗೆ ಬಂದರೆ ಸಣ್ಣಾಂವ ಕೋಲು ಬೀಸಿ ಕೂಗುತ್ತಿದ್ದ. ಒಂದು ದಿನ ಮುತ್ಯಾ ಅವನ ಕೋಲು ತೆಗೆದು ಪಕ್ಕಕ್ಕಿಟ್ಟು ಕತೆ ಹೇಳಿದರು. ನಮ್ಮೂರ ಗುಡಿಯ ಶರಣಬಸವೇಶ್ವರರು (1746–1822) ಅರಳಗುಂಡಗಿಯವರು, ಒಕ್ಕಲುತನದ ಮನೆಯವರು. ಹೊಲ ಕಾಯಲು ಕೂತರೆ ತೆನೆಗೆ ಬಂದ ಹಕ್ಕಿಗಳನ್ನು ಓಡಿಸುತ್ತಿರಲಿಲ್ಲವಂತೆ. ತಿಂದ ಹಕ್ಕಿಗಳಿಗೆ ಬಾಯಾರುತ್ತದೆಂದು ನೀರು ಬೇರೆ ಇಡುತ್ತಿದ್ದರಂತೆ. ದಾಸೋಹ ಅಂದರೆ ಹಸಿದವರಿಗೆ ಉಣ್ಣಿಸುವುದು. ಹೋಳಿ ಹುಣ್ಣಿಮೆಯ ನಂತರ ಅವರ ಜಾತ್ರೆಗೆ ಬರುವ ಜನಕ್ಕೆ ಆ ಮಾತು ಬಾಯಿಪಾಠ. ಕತೆ ಕೇಳಿದ ಸಣ್ಣಾಂವ ಸ್ವಲ್ಪ ಹೊತ್ತು ಯೋಚಿಸಿ, "ಮತ್ತ ನಮ್ಮ ಸಂಡಿಗಿ ಎಲ್ಲಾ ತಿಂದ್ರ?" ಅಂದ. "ಅವುಕ್ಕ ಬ್ಯಾರೆ ತಾಟು ಇಡು" ಅಂದರು ಮುತ್ಯಾ. ಅಂದಿನಿಂದ ಮಾಳಿಗೆಯ ಮೂಲೆಯಲ್ಲಿ ಒಂದು ಹಿಡಿ ಜೋಳ, ಒಂದು ಮಣ್ಣಿನ ಬಟ್ಟಲಲ್ಲಿ ನೀರು. ಗುಬ್ಬಿಗಳು ಅಲ್ಲೇ ಸಮಾಧಾನವಾದವು. ಕಾಗೆ ಮಾತ್ರ ಎರಡೂ ಕಡೆ ತಿಂದಿತು.

ಮೇ ತಿಂಗಳಲ್ಲಿ ಕುರಡಗಿ. ಇದು ದೊಡ್ಡ ಕೆಲಸ. ಗೋಧಿಯನ್ನು ಮೂರು ದಿನ ನೆನೆ ಹಾಕಿ, ದಿನವೂ ನೀರು ಬದಲಿಸಬೇಕು. ನಾಲ್ಕನೆಯ ದಿನ ರುಬ್ಬಿ, ಬಟ್ಟೆಯಲ್ಲಿ ಹಿಂಡಿ ಹಾಲು ತೆಗೆದು ರಾತ್ರಿ ಇಡಬೇಕು. ಬೆಳಿಗ್ಗೆ ಮೇಲೆ ನಿಂತ ನೀರು ಬಸಿದು, ಅಡಿಯ ಗಟ್ಟಿ ಹಿಟ್ಟನ್ನು ಉಪ್ಪು ಹಾಕಿದ ಕುದಿಯುವ ನೀರಿಗೆ ಸುರಿದು ಗಂಟಾಗದ ಹಾಗೆ ತಿರುವಬೇಕು. ಬಿಸಿ ಇರುವಾಗಲೇ ಒರಳಿಗೆ ತುಂಬಿ ಒತ್ತಬೇಕು. ಆ ಹಿಟ್ಟು ತಿರುವುವುದೆಂದರೆ ಕೆಸರಲ್ಲಿ ಕುಂಟೆ ಹೊಡೆದ ಹಾಗೆ. "ಇಷ್ಟೇ ಅಲ್ಲ?" ಅನ್ನುತ್ತ ನಮ್ಮ ಮನೆಯವರು ಸೌಟು ಹಿಡಿದರು. ಐದು ನಿಮಿಷಕ್ಕೆ ಅಂಗಿ ತೆಗೆದರು. ಹತ್ತು ನಿಮಿಷಕ್ಕೆ ಮಾತು ನಿಂತಿತು. "ನಿಲ್ಲಿಸಬ್ಯಾಡ, ತಳ ಹತ್ತತದ" ಅಂತ ಆಯಿ ಕುರ್ಚಿಯ ಮೇಲಿಂದ ಹೇಳುತ್ತಲೇ ಇದ್ದರು. ಮುಗಿದ ಮೇಲೆ ಅವರು ತಮ್ಮ ತೋಳು ಹಿಡಿದುಕೊಂಡು, "ಅವ್ವಾ, ಇದನ್ನ ನೀ ಒಬ್ಬಾಕೇ ವರ್ಷಾ ವರ್ಷಾ ಮಾಡ್ತಿದ್ದೇನು?" ಅಂದರು. ಆಯಿ ಉತ್ತರ ಕೊಡಲಿಲ್ಲ. ನಾನೂ ಅಷ್ಟು ವರ್ಷ ಈ ಪ್ರಶ್ನೆ ಕೇಳಿರಲಿಲ್ಲವೆಂದು ನೆನಪಾಯಿತು.

ಈಗ ನನ್ನ ತಪ್ಪಿನ ಸರದಿ.

ಕುರಡಗಿ ಒಂದು ದಿನ ಒಣಗಿತ್ತು, ಇನ್ನೂ ಎರಡು ದಿನ ಬೇಕಿತ್ತು. ಮರುದಿನ ಕಚೇರಿಯಿಂದ ಬಂದು ಊಟ ಮಾಡಿ ಅಡ್ಡಾದೆ. ಸಂಜೆ ನಾಲ್ಕೂವರೆಗೆ ಗುಡುಗು ಕೇಳಿದ ಹಾಗಾಯಿತು. ಅರೆನಿದ್ದೆಯಲ್ಲಿ, ಸಣ್ಣಾಂವ ಇದ್ದಾನಲ್ಲ, ತರುತ್ತಾನೆ ಅಂದುಕೊಂಡು ಮಗ್ಗಲು ಬದಲಿಸಿದೆ. ಬೇಸಿಗೆಯ ಮಳೆ ನಮ್ಮಲ್ಲಿ ಹೇಳಿ ಕೇಳಿ ಬರುವುದಿಲ್ಲ. ಮೊದಲು ಧೂಳು, ಹಿಂದೆಯೇ ಗಾಳಿ, ಅದರ ಹಿಂದೆಯೇ ದಪ್ಪ ಹನಿ. ಎದ್ದು ಓಡುವಷ್ಟರಲ್ಲಿ ಎರಡು ಹಾಳೆ ಕುರಡಗಿ ತೊಯ್ದುಹೋಗಿತ್ತು. ಸಣ್ಣಾಂವ ಗುಳಂಬದ ಭರಣಿಯನ್ನು ಎದೆಗೆ ಅಪ್ಪಿಕೊಂಡು ಮೆಟ್ಟಿಲ ಮೇಲೆ ನಿಂತಿದ್ದ. ಪಕ್ಕದ ಮನೆಯಲ್ಲಿ ಆಡುತ್ತಿದ್ದವನು ಮೋಡ ನೋಡಿ ಓಡಿ ಬಂದು, ಕೈಗೆ ಸಿಕ್ಕಿದ್ದನ್ನು ಉಳಿಸಿದ್ದ.

ನಾನು ಭರಣಿ ನೋಡಲಿಲ್ಲ, ತೊಯ್ದ ಹಾಳೆ ನೋಡಿದೆ. "ಒಂದೇ ಒಂದು ಕೆಲಸ ಹೇಳಿದ್ರ ಅದೂ ಮಾಡಕಾಗಲ್ಲ ನಿನಗ!" ಅಂತ ಓಣಿಗೆಲ್ಲ ಕೇಳುವ ಹಾಗೆ ಬೈದೆ. ಐದು ದಿನದ ದುಡಿಮೆ ಅಂದೆ. ಇನ್ನೂ ಏನೇನೋ ಅಂದೆ. ಅವನು ಭರಣಿಯನ್ನು ಮೆಲ್ಲಗೆ ನೆಲಕ್ಕಿಟ್ಟು, ಆಯಿಯ ಮಂಚದ ಹಿಂದೆ ಹೋಗಿ ಕೂತ.

ಆಯಿ ನನ್ನನ್ನು ಕರೆದರು. ದನಿ ಏರಿಸಲಿಲ್ಲ. "ಕುರಡಗಿ ಮತ್ತ ಹಾಕಬಹುದವ್ವ. ಅವನಿಗಿ ಅಂದ ಮಾತು ವಾಪಸ್ ತಗೊಳ್ಳಾಕ ಬರ್ತದೇನು?" ಅಂದರು. ಆಮೇಲೆ, "ಗುಡುಗು ನನಗ ಕೇಳಿತ್ತು. ನನಗ ಮ್ಯಾಲ ಹತ್ತಾಕ ಆಗಲಿಲ್ಲ. ನಿನಗ ಕೇಳಿಲ್ಲೇನು?" ಅಂದರು.

ಕೇಳಿತ್ತು. ಅದೇ ನನ್ನ ಸಿಟ್ಟಿನ ಬೇರು. ನನ್ನ ತಪ್ಪಿಗೆ ಎಂಟು ವರ್ಷದ ಹುಡುಗನನ್ನು ಬೈದಿದ್ದೆ. ಮಂಚದ ಹಿಂದೆ ಬಗ್ಗಿ, "ಗುಡುಗು ನನಗೂ ಕೇಳಿತ್ತಪ್ಪ. ಎದ್ದು ಬರಲಿಲ್ಲ ನಾ. ತಪ್ಪು ನಂದು" ಅಂದೆ. ಅವನು ಬಹಳ ಹೊತ್ತು ನೆಲ ನೋಡುತ್ತ ಕೂತಿದ್ದು, ಕೊನೆಗೆ, "ಗುಳಂಬ ಉಳಿಸೀನಿ ನಾ" ಅಂದ. "ಹೌದು, ನೀನೇ ಉಳಿಸಿದಿ" ಅಂದೆ. ದೊಡ್ಡವರು ಮಕ್ಕಳ ಮುಂದೆ ತಪ್ಪು ಒಪ್ಪಿಕೊಂಡರೆ ಸಣ್ಣವರಾಗುತ್ತೇವೆ ಅಂದುಕೊಂಡಿರುತ್ತೇವೆ. ಅವತ್ತು ರಾತ್ರಿ ಸಣ್ಣಾಂವ ಎಂದಿನ ಹಾಗೆ ನನ್ನ ಪಕ್ಕದಲ್ಲೇ ಬಂದು ಮಲಗಿದ. ನನಗೆ ಅಷ್ಟು ಸಾಕಾಯಿತು.

ತೊಯ್ದ ಕುರಡಗಿಯನ್ನು ನಾನು ಕಸಕ್ಕೆ ಹಾಕುವವಳಿದ್ದೆ. ಆಯಿ ಬಿಡಲಿಲ್ಲ. ಫ್ಯಾನಿನ ಕೆಳಗೆ ಹರವಿಸಿ, ಮರುದಿನ ಮತ್ತೆ ಬಿಸಿಲಿಗೆ ಹಾಕಿಸಿದರು. ಒಣಗಿದವು, ಆದರೆ ಚೂರು ಚೂರಾದವು. ಆ ಚೂರುಗಳನ್ನು ಕರಿದು, ಮೇಲೆ ಹೆಚ್ಚಿದ ಉಳ್ಳಾಗಡ್ಡಿ, ಕೊತ್ತಂಬರಿ, ಖಾರಪುಡಿ, ನಿಂಬೆರಸ ಹಾಕಿ ಕಲಸಲು ಹೇಳಿದರು. ಈ ಬೇಸಿಗೆಯಲ್ಲಿ ನಮ್ಮ ಮನೆಯಲ್ಲಿ ಎಲ್ಲಕ್ಕಿಂತ ಮೊದಲು ಖಾಲಿಯಾದದ್ದು ಅದೇ ಡಬ್ಬಿ. ದೊಡ್ಡಾಕಿ ಅದರ ಮೇಲೆ "ಮಳಿ ಕುರಡಗಿ" ಅಂತ ಚೀಟಿ ಅಂಟಿಸಿದ್ದಳು. ಖಾಲಿಯಾದ ಡಬ್ಬಿಯನ್ನು ತೊಳೆದು ಮಕ್ಕಳು ಶೇಂಗಾ ಉಂಡಿ ತುಂಬಿದರು: ಹುರಿದು ಸಿಪ್ಪೆ ತೆಗೆದ ಶೇಂಗಾ ಎರಡು ಬಟ್ಟಲು, ಬೆಲ್ಲ ಒಂದು ಬಟ್ಟಲು, ಚಿಟಿಕೆ ಏಲಕ್ಕಿ, ಎಲ್ಲ ಕುಟ್ಟಿ ಕೈಯಲ್ಲಿ ಒತ್ತಿ ಕಟ್ಟಿದರೆ ಆಯಿತು.

ಗೋಡೆಯ ಪಟ್ಟಿಯ ಕೊನೆಯ ಸಾಲನ್ನು ನಾನು ನೋಡಿರಲಿಲ್ಲ. ಹೋದ ಭಾನುವಾರದ ಎದುರಿಗೆ ದೊಡ್ಡಾಕಿ ಬರೆದಿದ್ದಳು: ಮಮ್ಮಿಗಿ ರಜಾ. ಬೆಳಿಗ್ಗೆ ನನ್ನನ್ನು ಎಬ್ಬಿಸಲೇ ಇಲ್ಲ. ಎಂಟು ಗಂಟೆಗೆ ಎದ್ದಾಗ ಅಪ್ಪ, ಮಕ್ಕಳು ಸೇರಿ ಚುರುಮುರಿ ಸೂಸಲ ಮಾಡಿದ್ದರು. ಉಪ್ಪು ಎರಡು ಸಲ ಬಿದ್ದಿತ್ತು. ನಾನು ಎರಡು ತಾಟು ತಿಂದೆ. ಆಯಿ ಚಾ ಕುಡಿಯುತ್ತಿದ್ದರು, ಕಪ್ಪು ಬಸಿಯೊಳಗೆ ಟಕಟಕ ಅನ್ನುತ್ತಲೇ ಇತ್ತು. ಆ ಸದ್ದು ನಿಂತಿಲ್ಲ, ನಿಲ್ಲುವುದೂ ಇಲ್ಲವೇನೋ. ಆದರೆ ಅವರು ಗೋಡೆಗೆ ಮುಖ ಮಾಡಿ ಮಲಗುವುದನ್ನು ಬಿಟ್ಟಿದ್ದಾರೆ. ಮುಂದಿನ ವರ್ಷ ಶಾವಿಗೆ ಹೊಸೆಯುವುದನ್ನು ಕಲಿಸುತ್ತೇನೆಂದು ಮೊಮ್ಮಗಳಿಗೆ ಈಗಲೇ ಮಾತು ಕೊಟ್ಟಿದ್ದಾರೆ.

ಮಕ್ಕಳೇ, ನಿಮಗೊಂದು ಕೆಲಸ. ನಿಮ್ಮ ಮನೆಯಲ್ಲಿ ಅಜ್ಜಿ ಇದ್ದರೆ, ಅಥವಾ ಊರಿಗೆ ಹೋದಾಗ, ಅವರ ಒಂದು ಹಿಡಿ ಅಕ್ಕಿಯನ್ನು ಮೂರು ಸಲ ತೂಗಿ ಸರಾಸರಿ ತೆಗೆದು ಬರೆದಿಡಿ. ಪಕ್ಕದಲ್ಲಿ ನಿಮ್ಮ ಹಿಡಿಯದೂ ಬರೆಯಿರಿ. ಅಜ್ಜ ಅಜ್ಜಿಯರೇ, ಕೈ ನಡುಗುತ್ತದೆಂದು ಹಿಂದಕ್ಕೆ ಎಳೆದುಕೊಳ್ಳಬೇಡಿ. ಕೆಳಗೊಂದು ತಾಟು ಹಿಡಿಯಲು ಮೊಮ್ಮಕ್ಕಳಿಗೆ ಹೇಳಿ.

ಇನ್ನು ನಾನು ಏಳಬೇಕು. ಏಳು ಡಬ್ಬಿಗಳಲ್ಲಿ ಒಂದು ಕಮಲಾಪುರಕ್ಕೆ ಹೋಗಬೇಕು, ಅವ್ವನಿಗೆ. ಅದನ್ನು ಕಟ್ಟುವುದಿದೆ. ಸಣ್ಣಾಂವ ಆನೆ ಸಂಡಿಗೆಯನ್ನು ಆ ಡಬ್ಬಿಗೇ ಹಾಕಬೇಕೆಂದು ಹಟ ಹಿಡಿದಿದ್ದಾನೆ.